ವೈಫೈ ನಿಧಾನವೇ? ಪ್ಲಾನ್ ಏರಿಸುವುದಾ, ರೂಟರ್ ಬದಲಿಸುವುದಾ, ವೈರ್ ಎಳೆಯುವುದಾ?

ಮೈಸೂರಿನ ನಮ್ಮ ಮನೆಯಲ್ಲಿ ಎಂಟು ತಿಂಗಳು 200 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ) ಪ್ಲಾನಿಗೆ ದುಡ್ಡು ಕಟ್ಟಿದೆವು. ನಾನು ಕೆಲಸ ಮಾಡುವ ಮಹಡಿ ರೂಮಿನಲ್ಲಿ ಬರುತ್ತಿದ್ದದ್ದು 18. ಅದಕ್ಕೂ ಮುಂಚೆ 50ರ ಪ್ಲಾನ್ ಇತ್ತು, ಆಗಲೂ 18ರ ಆಸುಪಾಸೇ. ಪ್ಲಾನ್ ನಾಲ್ಕು ಪಟ್ಟಾಯಿತು, ಬಿಲ್ ಏರಿತು, ಮೇಲಿನ ರೂಮಿಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ. ಒಂದು ಭಾನುವಾರ ಕೂತು ಸರಿಯಾಗಿ ಅಳೆದು ನೋಡಿದಾಗ ಗೊತ್ತಾಯಿತು, ಇಂಟರ್ನೆಟ್ ಮನೆ ಬಾಗಿಲಿನವರೆಗೆ ಚೆನ್ನಾಗಿಯೇ ಬರುತ್ತಿತ್ತು. ಅಲ್ಲಿಂದ ನನ್ನ ಲ್ಯಾಪ್‌ಟಾಪ್ ತಲುಪುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ರೂಟರ್ ಇದ್ದದ್ದು ಹಾಲ್‌ನ ಮೂಲೆಯಲ್ಲಿ, ಟೀವಿಯ ಹಿಂದೆ, ಒಂದು ಕಡೆ ಕಬ್ಬಿಣದ ಬೀರು. ಮೇಲೆ ಧೂಳು ಕೂರದಿರಲಿ ಅಂತ ಅಮ್ಮ ಹೆಣೆದ ಕ್ರೋಶಾ ಕವರ್ ಬೇರೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮುಂಚೆ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಿರಿ. ಇಲ್ಲದಿದ್ದರೆ ನನ್ನ ಹಾಗೆ ಎಂಟು ತಿಂಗಳು ಸುಮ್ನೆ ದಂಡ.

ಮೊದಲು ಮೂರು ಅಳತೆ

ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಾಕು. ಮೊದಲನೆಯದು, ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಲ್ಯಾನ್ ವೈರಿನಲ್ಲಿ ನೇರವಾಗಿ ಆಪರೇಟರ್ ಕೊಟ್ಟ ಡಬ್ಬಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಹಾಕಿ. ಎರಡನೆಯದು, ಅದೇ ಡಬ್ಬದಿಂದ ಐದಾರು ಅಡಿ ದೂರದಲ್ಲಿ ನಿಂತು ವೈಫೈಯಲ್ಲಿ ಟೆಸ್ಟ್. ಮೂರನೆಯದು, ನಿಮಗೆ ತೊಂದರೆ ಕೊಡುವ ರೂಮಿನಲ್ಲಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತರ ಸುಮಾರಿಗೆ ಇನ್ನೊಂದು ಸಲ ಮಾಡಿದರೆ ಇನ್ನೂ ಒಳ್ಳೆಯದು. ಒಂದೇ ಟೆಸ್ಟ್ ಸೈಟ್ ನಂಬಬೇಡಿ, ಎರಡರಲ್ಲಿ ನೋಡಿ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನವರದ್ದು, ಅವರ ಸರ್ವರಿನಿಂದಲೇ ಇಳಿಸಿ ನೋಡುತ್ತದೆ. ಊಕ್ಲಾ ಸ್ಪೀಡ್‌ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಹಿಡಿಯುತ್ತದೆ. ಎರಡರ ನಡುವೆ ಭಾರೀ ವ್ಯತ್ಯಾಸ ಬಂದರೆ ಅದೂ ಒಂದು ಸುಳಿವು.

ನಮ್ಮ ಮನೆಯ ಹಾಳೆಯಲ್ಲಿ ಬಂದದ್ದು 94, 41, 18.

ಮೊದಲ ಸಂಖ್ಯೆಯೇ ಕಡಿಮೆ ಅಂದರೆ ತಪ್ಪು ಹೊರಗಿನದ್ದು, ಇಲ್ಲವೇ ವೈರಿನದ್ದು. ಮೊದಲನೆಯದು ಸರಿಯಿದ್ದು ಎರಡನೆಯದು ಬಿದ್ದರೆ ರೂಟರಿನದ್ದು, ಅಥವಾ ನಿಮ್ಮ ಫೋನು, ಲ್ಯಾಪ್‌ಟಾಪಿನದ್ದು. ಎರಡೂ ಸರಿಯಿದ್ದು ಮೂರನೆಯದು ಮಾತ್ರ ಬಿದ್ದರೆ ಗೋಡೆ, ದೂರ, ಸ್ಲ್ಯಾಬ್. ನಮ್ಮಲ್ಲಿ ಮೂರೂ ಕಡೆ ಸ್ವಲ್ಪ ಸ್ವಲ್ಪ ಹಾಳಾಗಿತ್ತು ಅನ್ನುವುದು ಬೇರೆ ಮಾತು.

ಆ 94 ಇದೆಯಲ್ಲ, ಅದನ್ನು ನೋಡಿದ ತಕ್ಷಣ ಅನುಮಾನ ಬರಬೇಕು. 200ರ ಪ್ಲಾನಿನಲ್ಲಿ ಎಷ್ಟು ಸಲ ಟೆಸ್ಟ್ ಮಾಡಿದರೂ 93, 94, 95ಕ್ಕೇ ಬಂದು ನಿಂತರೆ, ಎಲ್ಲೋ ಒಂದು ಕಡೆ ಲ್ಯಾನ್ ಕನೆಕ್ಷನ್ 100ರ ಗೇರಿನಲ್ಲಿ ಓಡುತ್ತಿದೆ ಅಂತ ಲೆಕ್ಕ. ಲ್ಯಾನ್ ವೈರಿನ ಒಳಗೆ ಎಂಟು ಸಣ್ಣ ತಂತಿಗಳಿರುತ್ತವೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ನಾನು ವೈರಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ಪನ್ನು ಟಾರ್ಚ್ ಬೆಳಕಿನಲ್ಲಿ ಹಿಡಿದು ನೋಡಿದೆ. ಏಳು ತಂತಿ ತುದಿಯವರೆಗೆ ಬಂದು ಲೋಹದ ಹಲ್ಲಿಗೆ ಮುಟ್ಟಿದ್ದವು. ಎಂಟನೆಯದು, ಕಂದು ಬಣ್ಣದ್ದು, ಒಂದು ಅಕ್ಕಿ ಕಾಳಿನಷ್ಟು ಹಿಂದೆಯೇ ನಿಂತುಬಿಟ್ಟಿತ್ತು. ಇಷ್ಟೇ. ತುದಿ ಕತ್ತರಿಸಿ ಹೊಸ ಕ್ಲಿಪ್ ಒತ್ತಿಸಿದ ಮೇಲೆ 94 ಇದ್ದದ್ದು 203 ಆಯಿತು. ಖರ್ಚು ಒಂದು ಕಾಫಿಯದ್ದು. ಕೆಲವು ಡಬ್ಬಗಳಲ್ಲಿ ವೈರ್ ಸಿಕ್ಕಿಸುವ ಪೋರ್ಟೇ 100ರದ್ದು ಇರುತ್ತದೆ, ಆಗ ವೈರ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಇನ್ನೊಂದು ಗೊಂದಲ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ಭಾವ ಒಂದು ಸಲ ಫೋನ್ ಮಾಡಿ, "100ರ ಪ್ಲಾನ್ ಅಂತ ಹೇಳಿ 11 ಕೊಡ್ತಿದ್ದಾರೆ ಕಣೋ, ಮೋಸ" ಅಂತ ಕೂಗಾಡಿದರು. ಅವರು ನೋಡುತ್ತಿದ್ದದ್ದು ಗೇಮ್ ಡೌನ್‌ಲೋಡ್ ಆಗುವಾಗ ಕಾಣುವ ಸಂಖ್ಯೆ. ಅದು ಮೆಗಾಬೈಟ್. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು ಎಂಟರಿಂದ ಭಾಗಿಸಿದರೆ 12.5, ದಾರಿ ಖರ್ಚು ಕಳೆದು 11 ಚಿಲ್ಲರೆ. "ಭಾವ, ನಿಮಗೆ ಸರಿಯಾಗಿಯೇ ಬರ್ತಿದೆ" ಅಂದರೆ ಅವರಿಗೆ ಬೇಜಾರೇ ಆಯಿತು.

ದುಡ್ಡಿಲ್ಲದ ಎರಡು ದಾರಿ: ಜಾಗ ಬದಲಿಸುವುದು, ಬ್ಯಾಂಡ್ ಬದಲಿಸುವುದು

ರೂಟರ್ ಜಾಗ ಬದಲಿಸುವುದರಿಂದ ಆಗುವ ಲಾಭವನ್ನು ಜನ ನಂಬುವುದೇ ಇಲ್ಲ, ಯಾಕೆಂದರೆ ಅದಕ್ಕೆ ಬಿಲ್ ಇಲ್ಲ. ಮನೆಯ ಮಧ್ಯಕ್ಕೆ, ತಲೆಗಿಂತ ಎತ್ತರಕ್ಕೆ, ಬೀರು, ಫ್ರಿಜ್, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವುಗಳಿಂದ ದೂರಕ್ಕೆ. ಲೋಹ ಸಿಗ್ನಲನ್ನು ತಿರುಗಿಸಿ ಹೊಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಒಂದಿದ್ದರೆ ಹೇಗೋ ದಾಟುತ್ತದೆ. ಕರಾವಳಿಯ ಹಳೇ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ ಸ್ಲ್ಯಾಬ್ ಇವೆರಡು ಕಷ್ಟ.

ಆಂಟೆನಾ ಬಗ್ಗೆ ಒಂದು ಮಾತು. ನೆಟ್ಟಗೆ ನಿಲ್ಲಿಸಿದ ಆಂಟೆನಾದಿಂದ ಸಿಗ್ನಲ್ ಹೊರಡುವ ರೀತಿ ಉದ್ದಿನ ವಡೆಯ ತೂತಿಗೆ ಕಡ್ಡಿ ಸಿಕ್ಕಿಸಿದ ಹಾಗೆ. ಸುತ್ತ ಚೆನ್ನಾಗಿ ಹರಡುತ್ತದೆ, ಕಡ್ಡಿಯ ತುದಿಯ ಕಡೆಗೆ, ಅಂದರೆ ನೇರ ಮೇಲಕ್ಕೆ ಮತ್ತು ಕೆಳಕ್ಕೆ, ಕಮ್ಮಿ. ಮಹಡಿಗೆ ಬೇಕಿದ್ದರೆ ಒಂದು ಕೊಂಬನ್ನು ಅಡ್ಡ ಮಲಗಿಸಿ ನೋಡಿ. ನಾಲ್ಕು ಕೊಂಬು, ಆರು ಕೊಂಬು ಇದ್ದರೆ ಸ್ಪೀಡ್ ಜಾಸ್ತಿ ಅನ್ನುವುದು ಡಬ್ಬದ ಮೇಲಿನ ಚಿತ್ರಕ್ಕೆ ಮಾತ್ರ ನಿಜ.

ತೊಡಕು ಏನಪ್ಪಾ ಅಂದರೆ ಫೈಬರ್ ಕೇಬಲ್ಲನ್ನು ನಮ್ಮಿಷ್ಟ ಬಂದ ಹಾಗೆ ಎಳೆದಾಡುವ ಹಾಗಿಲ್ಲ. ಒಳಗಿರುವುದು ಗಾಜಿನ ಎಳೆ, ಜೋರಾಗಿ ಮಡಚಿದರೆ ಬೆಳಕು ಸೋರುತ್ತದೆ. ಆಪರೇಟರಿಗೆ ಹೇಳಿ ಉದ್ದದ ಪ್ಯಾಚ್ ಕಾರ್ಡ್ (ಡಬ್ಬಕ್ಕೆ ಸಿಕ್ಕಿಸುವ ಫೈಬರ್ ತುಂಡು) ಹಾಕಿಸಬಹುದು. ಅದಕ್ಕಿಂತ ಸಲೀಸು, ಫೈಬರ್ ಡಬ್ಬವನ್ನು ಮೂಲೆಯಲ್ಲೇ ಬಿಟ್ಟು, ಅಲ್ಲಿಂದ ಲ್ಯಾನ್ ವೈರ್ ಎಳೆದು ಬೇರೆ ರೂಟರನ್ನು ಮನೆಯ ಮಧ್ಯದಲ್ಲಿ ಇಡುವುದು.

ಇನ್ನು ಬ್ಯಾಂಡ್, ಅಂದರೆ ವೈಫೈ ಓಡುವ ರೇಡಿಯೋ ದಾರಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಸಂತೆ. ಪಕ್ಕದ ಮನೆ, ಎದುರು ಮನೆ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅಲ್ಲೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆಗೆದರೆ ಮೂವತ್ತು ಹೆಸರು ಕಾಣುತ್ತವೆ, ಅಲ್ವಾ? ಅಷ್ಟೂ ಜನಕ್ಕೆ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ, 1, 6, 11. ಮನೆಯಲ್ಲಿ ನಿಜವಾಗಿ ಸಿಗುವುದು 30ರಿಂದ 60 ಎಂಬಿಪಿಎಸ್. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಅದೇ ರೂಮಿನಲ್ಲಿದ್ದರೆ 300, 400 ಆರಾಮಾಗಿ ಬರುತ್ತದೆ. ಎರಡು ಗೋಡೆ ದಾಟಿದರೆ ಸುಸ್ತು.

ಬಹಳ ಮನೆಗಳಲ್ಲಿ ಎರಡಕ್ಕೂ ಒಂದೇ ಹೆಸರು ಇರುತ್ತದೆ, ಫೋನು ತನ್ನಿಷ್ಟಕ್ಕೆ ಯಾವುದನ್ನೋ ಹಿಡಿದುಕೊಂಡು ಕೂತಿರುತ್ತದೆ. ಹೆಸರು ಬೇರೆ ಮಾಡಿ. ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಇಂಥವು ಬಹುಪಾಲು 2.4ರಲ್ಲಿ ಮಾತ್ರ ಓಡುತ್ತವೆ, ಅವನ್ನು ಅಲ್ಲೇ ಬಿಡಿ. ಫೋನು, ಟೀವಿ, ಲ್ಯಾಪ್‌ಟಾಪ್ 5ಕ್ಕೆ. ಸಿಗ್ನಲ್ ಕಡ್ಡಿ ನೋಡಿ ಮೋಸ ಹೋಗಬೇಡಿ, 5ರಲ್ಲಿ ಎರಡೇ ಕಡ್ಡಿ ಇದ್ದರೂ 2.4ರ ನಾಲ್ಕು ಕಡ್ಡಿಗಿಂತ ಜಾಸ್ತಿ ಸ್ಪೀಡ್ ಬರುವುದುಂಟು. ಟೆಸ್ಟ್ ಮಾಡಿಯೇ ನಿರ್ಧರಿಸಿ. ಲ್ಯಾಪ್‌ಟಾಪಿನ ವೈಫೈ ಪ್ರಾಪರ್ಟೀಸ್‌ನಲ್ಲಿ ಲಿಂಕ್ ಸ್ಪೀಡ್ 72 ಅಂತ ಕಂಡರೆ ಅದು 2.4ರಲ್ಲಿ, ಒಂದೇ ಆಂಟೆನಾದಲ್ಲಿ ನೇತಾಡುತ್ತಿದೆ ಅಂತ ಅರ್ಥ. ಅದರ ಅರ್ಧ ಕೈಗೆ ಸಿಕ್ಕರೆ ದೊಡ್ಡದು. ಲ್ಯಾಪ್‌ಟಾಪಿಗೆ 5 ಹಿಡಿಯುವ ಯೋಗ್ಯತೆಯೇ ಇಲ್ಲದಿದ್ದರೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ತನ್ನಿ, ರೂಟರ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಆಪರೇಟರ್ ಕೊಟ್ಟ ಡಬ್ಬ ಸಾಕಾ, ಸ್ವಂತ ರೂಟರ್ ಬೇಕಾ?

ಅಳತೆಯ ಎರಡನೇ ಸಂಖ್ಯೆ ಚೆನ್ನಾಗಿದ್ದರೆ ಆ ಡಬ್ಬವೇ ಸಾಕು, ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ. ನಮ್ಮದು 41 ಬಂದಿತ್ತು, ಅದೂ ಪಕ್ಕದಲ್ಲೇ ನಿಂತರೆ. ಯಾಕೆ ಅಂತ ತಿರುಗಿಸಿ ನೋಡಿದರೆ, ಪುಕ್ಕಟೆ ಕೊಟ್ಟ ಆ ಡಬ್ಬದಲ್ಲಿ 5 ಗಿಗಾಹರ್ಟ್ಸೇ ಇರಲಿಲ್ಲ. ವೈಫೈ 4 ಮಾತ್ರ, ಅಂದರೆ 2009ರ ತಂತ್ರಜ್ಞಾನ.

ಕೊಳ್ಳುವುದಾದರೆ ನನ್ನ ಅಭಿಪ್ರಾಯ ಇಷ್ಟು: ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವುದು), ವೈಫೈ 6, ಎಲ್ಲ ಪೋರ್ಟೂ ಗಿಗಾಬಿಟ್. ಎರಡೂವರೆಯಿಂದ ನಾಲ್ಕು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ. 100, 200ರ ಪ್ಲಾನ್ ಇಟ್ಟುಕೊಂಡು ವೈಫೈ 7ಗೆ ದುಡ್ಡು ಹಾಕುವುದು ದಂಡ. ಡಬ್ಬದ ಮೇಲೆ ಎಸಿ1200, ಎಎಕ್ಸ್3000 ಅಂತ ಬರೆದಿರುವ ಸಂಖ್ಯೆ ಎರಡೂ ಬ್ಯಾಂಡ್ ಕೂಡಿಸಿದ್ದು. 1200 ಅಂದರೆ 2.4ರಲ್ಲಿ 300, 5ರಲ್ಲಿ 867. ಒಂದು ಫೋನಿಗೆ ಎರಡರ ಮೊತ್ತ ಎಂದೂ ಸಿಗುವುದಿಲ್ಲ. ಎಸಿ1200 ಅಂತ ದೊಡ್ಡದಾಗಿ ಬರೆದು, ಹಿಂದಿನ ಪೋರ್ಟ್‌ಗಳನ್ನು 100ರದ್ದೇ ಇಟ್ಟಿರುವ ಮಾಡೆಲ್‌ಗಳೂ ಇವೆ, ಅದೇ 94ರ ಕಥೆ ಮತ್ತೆ ಶುರು. ಪೋರ್ಟಿನ ಸಾಲು ಓದದೆ ಆರ್ಡರ್ ಒತ್ತಬೇಡಿ.

ಹೊಸ ರೂಟರ್ ಬಂದ ಮೇಲೆ ಹಳೇ ಡಬ್ಬದ ವೈಫೈ ಆಫ್ ಮಾಡಿ. ಎರಡೂ ಪಕ್ಕಪಕ್ಕದಲ್ಲಿ ಕೂತು ಕೂಗಾಡುತ್ತಿದ್ದರೆ ಯಾರ ಮಾತೂ ಕೇಳುವುದಿಲ್ಲ.

ಮಹಡಿಗೆ: ಎಕ್ಸ್‌ಟೆಂಡರ್, ಮೆಶ್, ವೈರ್

ನಿಜವಾದ ತಲೆನೋವು ಇಲ್ಲಿರುವುದು. ಹೊಸ ರೂಟರ್ ಬಂದಮೇಲೆ ಕೆಳಗೆ 190 ಬರತೊಡಗಿತು, ಮೇಲೆ 30 ಚಿಲ್ಲರೆ. ಮಧ್ಯೆ ಸ್ಲ್ಯಾಬ್.

ಎಕ್ಸ್‌ಟೆಂಡರ್ ಅಗ್ಗ. 1,500ರಿಂದ 2,500 ರೂಪಾಯಿ, ಸ್ವಿಚ್ ಬೋರ್ಡಿಗೆ ಚುಚ್ಚಿದರೆ ಆಯಿತು, ಫೋನಿನಲ್ಲಿ ಕಡ್ಡಿ ತುಂಬಿ ತುಳುಕುತ್ತವೆ. ಆದರೆ ಅದು ಮಾಡುವ ಕೆಲಸ ಏನು? ರೂಟರ್ ಹೇಳಿದ್ದನ್ನು ಕೇಳಿಸಿಕೊಂಡು ಮತ್ತೆ ಹೇಳುವುದು. ಒಂದೇ ರೇಡಿಯೋದಲ್ಲಿ ಎರಡನ್ನೂ ಮಾಡಬೇಕಾದ್ದರಿಂದ ಅರ್ಧ ಹೊತ್ತು ಕೇಳುವುದಕ್ಕೇ ಹೋಗುತ್ತದೆ, ಸ್ಪೀಡ್ ಹೆಚ್ಚುಕಮ್ಮಿ ಅರ್ಧ. ಜೊತೆಗೆ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ, ಸಿಗ್ನಲ್ ಇಲ್ಲದ ರೂಮಿನಲ್ಲೇ ಅದನ್ನು ಚುಚ್ಚಿದೆ. ಅದಕ್ಕೇ ಕೇಳಿಸದಿದ್ದರೆ ಅದು ನನಗೇನು ಹೇಳೀತು? ಮೆಟ್ಟಿಲ ತಿರುವಿಗೆ ತಂದು ಹಾಕಿದಾಗ 30 ಇದ್ದದ್ದು 45ಕ್ಕೆ ಬಂತು. ಅಪ್ಪ ಹಾಟ್‌ಸ್ಟಾರ್‌ನಲ್ಲಿ ಕ್ರಿಕೆಟ್ ನೋಡಲು ಬೇಕಾದಷ್ಟಾಯಿತು, ನನ್ನ ಆಫೀಸಿನ ವಿಡಿಯೋ ಕಾಲ್ ಮಾತ್ರ ಮಧ್ಯೆ ಮಧ್ಯೆ ತಡವರಿಸುತ್ತಲೇ ಇತ್ತು. ಬರೀ ವಾಟ್ಸಾಪ್, ಯೂಟ್ಯೂಬ್ ಬಳಕೆಯ ಒಂದು ರೂಮಿಗೆ ಎಕ್ಸ್‌ಟೆಂಡರ್ ಸಾಕು. ಕೆಲಸಕ್ಕೆ ಬೇಡ.

ಮೆಶ್ ಅಂದರೆ ಎರಡು ಮೂರು ಡಬ್ಬಗಳ ಜೋಡಿ, ಒಂದೇ ಹೆಸರು, ಓಡಾಡುತ್ತಾ ಇದ್ದರೆ ಫೋನ್ ತಾನೇ ಹತ್ತಿರದ್ದಕ್ಕೆ ಹಾರುತ್ತದೆ. ಎರಡರ ಸೆಟ್ ಆರರಿಂದ ಹತ್ತು ಸಾವಿರ. ಉದ್ದನೆಯ ಮನೆಗೆ, ವೈರ್ ಎಳೆಯಲು ಸಾಧ್ಯವೇ ಇಲ್ಲದ ಬಾಡಿಗೆ ಮನೆಗೆ ಚೆನ್ನ. ಆದರೆ ಇದೂ ಗಾಳಿಯಲ್ಲೇ ಮಾತಾಡುವುದರಿಂದ ಸ್ಲ್ಯಾಬಿನ ಮುಂದೆ ಇದಕ್ಕೂ ಮಂತ್ರವೇನಿಲ್ಲ. ಡ್ಯುಯಲ್ ಬ್ಯಾಂಡ್ ಮೆಶ್‌ನಲ್ಲಿ ಅರ್ಧವಾಗುವ ಕಾಯಿಲೆ ಇದ್ದೇ ಇದೆ. ಟ್ರೈ ಬ್ಯಾಂಡ್ ಸೆಟ್‌ನಲ್ಲಿ ಡಬ್ಬಗಳು ತಮ್ಮತಮ್ಮಲ್ಲಿ ಮಾತಾಡಲು ಒಂದು ರೇಡಿಯೋ ಬೇರೆಯೇ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಮೆಶ್ ತಂದರೆ ಎರಡನೇ ಡಬ್ಬವನ್ನು ಮೆಟ್ಟಿಲ ಬಾಯಿಯಲ್ಲಿ ಇಡಿ, ಸ್ಲ್ಯಾಬಿನಲ್ಲಿ ಇರುವ ದೊಡ್ಡ ತೂತು ಅದೊಂದೇ.

ಇನ್ನು ವೈರ್. ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ, ಸ್ವಂತ ಮನೆಯಾದರೆ ಬೇರೆ ಯಾವುದನ್ನೂ ನೋಡಬೇಡಿ. ಕ್ಯಾಟ್ 6 ಅನ್ನುವ ದರ್ಜೆಯ ಲ್ಯಾನ್ ಕೇಬಲ್ ಮೀಟರಿಗೆ ಇಪ್ಪತ್ತು ಮೂವತ್ತು ರೂಪಾಯಿ. ಕ್ಯಾಟ್ 5ಇ ಕೂಡ ನೂರು ಮೀಟರಿನವರೆಗೆ ಗಿಗಾಬಿಟ್ ಹೊರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿಗೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಹೋದಾಗ ಒಂದೇ ಪ್ರಶ್ನೆ ಕೇಳಿ, ಪೂರ್ತಿ ತಾಮ್ರದ್ದಾ, ಇಲ್ಲ ಸಿಸಿಎ ಆ? ಸಿಸಿಎ ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಅಗ್ಗ, ಆದರೆ ಬಗ್ಗಿಸಿದರೆ ಮುರಿಯುತ್ತದೆ.

ಗೋಡೆ ಕೊರೆಯಬೇಕಲ್ಲ ಅಂತ ಹೆದರಬೇಡಿ. ನಮ್ಮ ಮನೆಯಲ್ಲಿ ಹಳೇ ಡಿಶ್ ಕೇಬಲ್ ಗೋಡೆಯೊಳಗಿನ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಿತ್ತು, ಬಳಸದೆ ವರ್ಷಗಳಾಗಿತ್ತು. ಅದರ ತುದಿಗೆ ಹೊಸ ಲ್ಯಾನ್ ಕೇಬಲ್ಲನ್ನು ಟೇಪ್ ಸುತ್ತಿ ಕಟ್ಟಿ, ಅಪ್ಪ ಕೆಳಗಿನಿಂದ ತಳ್ಳಿದರು, ನಾನು ಮೇಲಿನಿಂದ ಎಳೆದೆ. ಮಧ್ಯದಲ್ಲಿ ಒಂದು ಸಲ ಸಿಕ್ಕಿಕೊಂಡಿತು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ ಮೇಲೆ ಜಾರಿ ಬಂತು. ಎಣ್ಣೆ ಹಾಕಬಾರದು, ಅದಕ್ಕೇ ಅಂತ ಬೇರೆ ಜೆಲ್ ಬರುತ್ತದೆ ಅಂತ ಆಮೇಲೆ ಎಲೆಕ್ಟ್ರಿಷಿಯನ್ ಬೈದರು. ಇರಲಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ಮಾಡಬೇಡಿ.

ಮೇಲೆ ಆ ಕೇಬಲ್ಲಿನ ತುದಿಯಿಂದ ವೈಫೈ ಹರಡಲು ಹೊಸದೇನೂ ಕೊಳ್ಳಬೇಕಿಲ್ಲ, 5 ಗಿಗಾಹರ್ಟ್ಸ್ ಇರುವ ಹಳೇ ರೂಟರ್ ಯಾವುದಾದರೂ ಆದೀತು. ಈಗಿನ ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹರಡುವ ಕೆಲಸ) ಅಂತ ಒಂದು ಆಯ್ಕೆ ಇರುತ್ತದೆ, ಒತ್ತಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಲ್ಲಿ ಮಾಡಬೇಕು: ಮುಖ್ಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಟ್ಟು, ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಕೊಡಿ, ಚಾನೆಲ್ ಬೇರೆ ಇಡಿ. 18 ಬರುತ್ತಿದ್ದ ರೂಮಿನಲ್ಲಿ ಅವತ್ತು ಸಂಜೆ 186 ಬಂತು. ಕೇಬಲ್, ಕ್ಲಿಪ್ ಎಲ್ಲ ಸೇರಿ 700 ರೂಪಾಯಿಯೂ ಆಗಲಿಲ್ಲ.

ಮೆಶ್ ಈಗಾಗಲೇ ಇದ್ದರೆ ಅದರ ಡಬ್ಬಗಳನ್ನೂ ಹೀಗೇ ಕೇಬಲ್ಲಿನಲ್ಲಿ ಜೋಡಿಸಬಹುದು. ಆಗ ಅರ್ಧವಾಗುವ ಮಾತೇ ಇಲ್ಲ.

ಒಂದು ಎಚ್ಚರಿಕೆ. ಮನೆಯಿಂದ ಹೊರಗೆ, ತೋಟದ ಮನೆಗೋ ಪಕ್ಕದ ಕಟ್ಟಡಕ್ಕೋ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಮಲೆನಾಡು, ಕರಾವಳಿ ಕಡೆಯ ಗುಡುಗು ಮಳೆಗೆ ಎರಡೂ ಕಡೆಯ ಪೋರ್ಟ್ ಸುಟ್ಟು ಹೋಗುತ್ತವೆ. ಅಲ್ಲಿಗೆ ಫೈಬರ್ ಹಾಕಿಸಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ.

ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಅಂತಲೂ ಒಂದಿದೆ. ಕೆಳಗೊಂದು ಫೇಸ್, ಮೇಲೊಂದು ಫೇಸ್ ಇರುವ ನಮ್ಮ ಮನೆಗಳಲ್ಲಿ, ಇನ್ವರ್ಟರ್ ಲೈನ್ ಬೇರೆ ಸೇರಿದ ಮೇಲೆ, ಅದನ್ನು ನಂಬುವುದು ಲಾಟರಿ.

ಪ್ಲಾನ್ ಏರಿಸುವುದು ಯಾವಾಗ ಸರಿ?

ವೈರಿನಲ್ಲಿ ಪ್ಲಾನಿನಷ್ಟು ಪೂರ್ತಿ ಬರುತ್ತಿದೆ, ಆದರೂ ಮನೆಯವರೆಲ್ಲ ಒಟ್ಟಿಗೆ ಕೂತಾಗ ಸಾಲುತ್ತಿಲ್ಲ ಅಂದಾಗ ಮಾತ್ರ. ಲೆಕ್ಕ ಹಾಕಿ ನೋಡಿ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ವಿಡಿಯೋ ಕಾಲ್‌ಗೆ ಮೂರು ನಾಲ್ಕು. ಎರಡು ಟೀವಿ 4ಕೆಯಲ್ಲಿ ಓಡಿ, ಇಬ್ಬರು ಮೀಟಿಂಗಿನಲ್ಲಿದ್ದರೂ 40 ದಾಟುವುದಿಲ್ಲ. ದೊಡ್ಡ ದೊಡ್ಡ ಫೈಲ್, 80 ಜಿಬಿ ಗೇಮ್ ಇಳಿಸುವವರಿಗೆ 200, 300 ಬೇಕು, ಉಳಿದವರಿಗೆ 100 ಧಾರಾಳ.

ಬೆಳಿಗ್ಗೆ ವೈರಿನಲ್ಲಿ ಪೂರ್ತಿ, ರಾತ್ರಿ ಎಂಟರಿಂದ ಹನ್ನೊಂದರವರೆಗೆ ಅರ್ಧವೂ ಇಲ್ಲ ಅಂದರೆ ಅದು ಆಪರೇಟರಿನ ಕಡೆಯ ಇಕ್ಕಟ್ಟು. ಸಾಮಾನ್ಯ ಮನೆ ಫೈಬರ್‌ನಲ್ಲಿ 2.5 ಗಿಗಾಬಿಟ್‌ನ ಒಂದು ಎಳೆಯನ್ನು 32, 64 ಮನೆಗಳಿಗೆ ಹಂಚಿರುತ್ತಾರೆ, ಅದರ ಹಿಂದಿನ ಲೈನೂ ಕಿರಿದಾಗಿದ್ದರೆ ಇನ್ನೂ ಕಷ್ಟ. ಇದಕ್ಕೆ ರೂಟರ್, ಮೆಶ್, ದೊಡ್ಡ ಪ್ಲಾನ್ ಯಾವುದೂ ಮದ್ದಲ್ಲ. ದೂರು ಕೊಡಿ, ಆಗದಿದ್ದರೆ ಆಪರೇಟರ್ ಬದಲಿಸಿ. ತಿಂಗಳ ಕೊನೆಯಲ್ಲಿ ಮಾತ್ರ ಬಿದ್ದರೆ ಡೇಟಾ ಮಿತಿ ನೋಡಿ, ಅನ್‌ಲಿಮಿಟೆಡ್ ಅನ್ನುವ ಎಷ್ಟೋ ಪ್ಲಾನಿಗೆ 3,300 ಜಿಬಿಯ ಗೆರೆ ಇರುತ್ತದೆ, ಸಣ್ಣ ಆಪರೇಟರ್‌ಗಳಲ್ಲಿ ಇನ್ನೂ ಕಡಿಮೆ. ಅಂದಹಾಗೆ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2023ರಿಂದ 2 ಎಂಬಿಪಿಎಸ್ ಇದ್ದರೆ ಸಾಕು, ಅದಕ್ಕೂ ಮುಂಚೆ 512 ಕೆಬಿಪಿಎಸ್ ಸಾಕಿತ್ತು.

ಯಾವ ಹೊತ್ತಿನಲ್ಲೂ ಕಡಿಮೆ, ಆಗಾಗ ಡಬ್ಬದಲ್ಲಿ ಕೆಂಪು ದೀಪ ಮಿಣುಕುತ್ತದೆ ಅಂದರೆ ಫೈಬರ್ ನೋಡಿಸಿ. ಡಬ್ಬದ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಅಂತ ಮೈನಸ್ ಸಂಖ್ಯೆ ಇರುತ್ತದೆ. ಮೈನಸ್ 20ರ ಆಸುಪಾಸು ಚೆನ್ನಾಗಿದೆ, 27 ದಾಟಿದರೆ ಕೆಟ್ಟಿದೆ. ಭಾವನ ಮನೆಯಲ್ಲಿ 28 ತೋರಿಸುತ್ತಿತ್ತು. ಲೈನ್‌ಮನ್ ಬಂದು ನೋಡಿದರೆ, ಕಿಟಕಿ ಮುಚ್ಚಿದಾಗಲೆಲ್ಲ ಕೇಬಲ್ ಚೌಕಟ್ಟಿಗೆ ಸಿಕ್ಕಿ ನಲುಗಿತ್ತು. ಆ ತುಂಡು ಕತ್ತರಿಸಿ ಮತ್ತೆ ಜೋಡಿಸಿದ ಮೇಲೆ 21.

ಡಿಎನ್ಎಸ್ (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸರ್ವರ್) ಬದಲಿಸಿದರೆ ಪುಟ ತೆರೆಯುವ ಮೊದಲ ಕ್ಷಣ ಚುರುಕಾಗಬಹುದು, ಡೌನ್‌ಲೋಡ್ ಸ್ಪೀಡ್ ಏರುವುದಿಲ್ಲ. ವೈಫೈ ಬೂಸ್ಟರ್ ಅನ್ನುವ ಆ್ಯಪ್‌ಗಳು ಜಾಹೀರಾತು ತೋರಿಸುವುದಕ್ಕೆ ಇರುವುದು.

ಫೈಬರೇ ಬಾರದ ಊರಾದರೆ 5ಜಿ ಸಿಗ್ನಲಿನ ಮನೆ ಕನೆಕ್ಷನ್ ಒಂದು ದಾರಿ. ಹಾಕಿಸುವ ಮುಂಚೆ ಅದೇ ಕಂಪನಿಯ 5ಜಿ ಸಿಮ್ ಇರುವ ಫೋನನ್ನು ತಾರಸಿ ಮೇಲೆ ಹಿಡಿದು ರಾತ್ರಿ ಹೊತ್ತು ಟೆಸ್ಟ್ ಮಾಡಿ. ಬೆಳಿಗ್ಗೆ ಬಂದ ಸಂಖ್ಯೆ ನೋಡಿ ಮರುಳಾಗಬೇಡಿ.

ನಾವು ಹೋದ ತಿಂಗಳು 200ರಿಂದ 100ಕ್ಕೆ ಇಳಿದೆವು. ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಾಗಿಲ್ಲ. ಎಕ್ಸ್‌ಟೆಂಡರ್ ಅಟ್ಟದ ಮೇಲಿದೆ. ಕ್ರೋಶಾ ಕವರ್ ಈಗ ಮಿಕ್ಸಿಯ ಮೇಲೆ.